ಒಂದೇ ಕೊಳಲಿನ ತರಗತಿ

ಅವರ ಕೆಳತುಟಿಯ ಅಡಿಯಲ್ಲಿ ಬಿದಿಗೆಯ ಚಂದ್ರನಂಥ ಒಂದು ಬಿಳಿಯ ಗುರುತಿತ್ತು. ಲೋಹದ ಕೊಳಲಿನ ಅಂಚು ವರ್ಷಗಟ್ಟಲೆ ಒತ್ತಿ ಅಲ್ಲಿನ ಚರ್ಮದ ಬಣ್ಣವನ್ನೇ ಕಳೆದಿತ್ತು. ಬಸ್ಸಿನಲ್ಲಿ ಯಾರಾದರೂ ಅದನ್ನು ತೊನ್ನೆಂದು ಭಾವಿಸಿ ಸರಿದು ಕುಳಿತರೆ ಅವರು ನಗುತ್ತಿದ್ದರು. "ಹೆದರಬೇಡಿ ಮಾರಾಯ್ರೆ, ಅಂಟುವುದಿಲ್ಲ. ಅಂಟುವ ಹಾಗಿದ್ದರೆ ನನ್ನ ಶಾಲೆಯ ಮಕ್ಕಳಿಗೆ ಕೊಳಲು ಕಲಿಸಲಿಕ್ಕೆ ಇಷ್ಟು ಕಷ್ಟ ಉಂಟಾ?"

ನಾವು ಅವರನ್ನು ಕೊಳಲು ಮಾಸ್ಟ್ರು ಎಂದೇ ಕರೆಯುತ್ತಿದ್ದೆವು. ಹುಟ್ಟಿದ್ದು ನಮ್ಮ ನೆರೆಯೂರು ಲಾಯಿಲದಲ್ಲಿ. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ತಟ್ಟೆ ತೊಳೆದವರು, ಪಕ್ಕದ ಕೋಣೆಯ ಗೋವೆಯ ವಾದ್ಯಗಾರನೊಬ್ಬನಿಂದ ಕೊಳಲು ಕಲಿತು, ದೊಡ್ಡ ಹೋಟೆಲುಗಳ ಜಾಝ್ ತಂಡಗಳಲ್ಲಿ ಹೆಸರು ಮಾಡಿದರು. ಬೊಂಬಾಯಿಯಲ್ಲಿ ಪಾನನಿಷೇಧ ಬಂದು, ಹೋಟೆಲುಗಳ ಕುಡಿತದ ಕೂಟಗಳು ನಿಂತು ಆ ಸಂಗೀತ ಕುಂದಿದಾಗ, ಗುರು ಕೊಟ್ಟ ಕೊಳಲಿನೊಂದಿಗೆ ಊರಿಗೆ ಮರಳಿ, ಗುರುವಾಯನಕೆರೆಯ ಸಮೀಪದ ನಮ್ಮ ಪ್ರೌಢಶಾಲೆಯಲ್ಲಿ ಸಂಗೀತದ ಅಧ್ಯಾಪಕರಾದರು. ಶನಿವಾರ ಮಧ್ಯಾಹ್ನ ಬಂಟ್ವಾಳದಲ್ಲಿ, ಭಾನುವಾರ ಮೂಡಬಿದಿರೆಯಲ್ಲಿ ಅವರ ಪಾಠ. ಮಕ್ಕಳಿಗಾಗಿ ಅವರು ರಚಿಸಿದ ಕೃತಿಗಳಿಗೆ ಬಸ್ಸಿನ ಕಿಟಕಿಯ ಅಂಚೇ ಮೇಜು.

ಐವತ್ತರ ದಶಕದ ಆ ದಿನಗಳಲ್ಲಿ ನಾನು ಅದೇ ಶಾಲೆಗೆ ಹೊಸದಾಗಿ ಸೇರಿದ ಅಧ್ಯಾಪಕ. ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ್ದ ನನಗೆ, ಸಮಾಜವನ್ನು ತರ್ಕದಿಂದ ತಿದ್ದಬಹುದೆಂಬ ದೃಢವಾದ ನಂಬಿಕೆಯಿತ್ತು. ಜಾಝ್ ಎಂದರೇನೆಂದು ಒಮ್ಮೆ ಮಾಸ್ಟ್ರನ್ನು ಕೇಳಿದೆ. "ನಾನು ಸ್ವರ ಬರೆದು ಕೊಡ್ತೇನೆ, ನಡುವೆ ಜಾಗ ಬಿಡ್ತೇನೆ" ಎಂದರು. "ಆ ಜಾಗದಲ್ಲಿ ಮಗು ತನ್ನದನ್ನು ನುಡಿಸಬೇಕು. ಆದರೆ ಹಿಂದಿನವ ಎಲ್ಲಿ ಬಿಟ್ಟನೋ ಅಲ್ಲಿಂದಲೇ ಹೊರಡಬೇಕು. ಅದಕ್ಕೆ ಕಿವಿ ಬೇಕು. ನಿಮ್ಮ ಚರ್ಚೆಯ ಹುಡುಗರು ಎದುರಿನವ ಮಾತಾಡುವಾಗ ಕೇಳುವುದಿಲ್ಲ, ಸುಮ್ಮನೆ ಸರದಿ ಕಾಯುತ್ತಾರೆ."

ಇಡೀ ತರಗತಿಗೆ ಇದ್ದದ್ದು ಅದೊಂದೇ ಕೊಳಲು. ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಸಾಗುತ್ತಿತ್ತು. ಒಬ್ಬರು ಕಚ್ಚಿದ ಹಣ್ಣನ್ನು ಇನ್ನೊಬ್ಬರು ಮುಟ್ಟದ ಊರಿನಲ್ಲಿ ಇದು ಎಷ್ಟು ದಿನ ನಡೆದೀತು? ಶಾಲಾ ಸಮಿತಿಯ ಅಧ್ಯಕ್ಷರು ಊರಿನ ಹಳೆಯ ಜಮೀನ್ದಾರಿ ಮನೆತನವಾದ ದೊಡ್ಡ ಗುತ್ತಿನ ಮನೆಯ ಧನಿಗಳು. ಅವರ ಪುಳ್ಳಿ, ಅಂದರೆ ಮೊಮ್ಮಗಳು, ಅದೇ ತರಗತಿಯಲ್ಲಿದ್ದಳು. ಒಂದು ಸಂಜೆ ಮಾಸ್ಟ್ರನ್ನೂ ನನ್ನನ್ನೂ ತಮ್ಮ ಮನೆಯ ಚಾವಡಿಗೆ ಕರೆಸಿದರು.

"ಪಾಠ ಮಾಡಿ ಮಾಸ್ಟ್ರೆ, ಬೇಡ ಹೇಳುವುದಿಲ್ಲ. ಆದರೆ ಊರವರ ಎಂಜಲೆಲ್ಲ ನಮ್ಮ ಪುಳ್ಳಿಯ ಬಾಯಿಗಾ? ಬರುವ ವಾರ್ಷಿಕೋತ್ಸವದಲ್ಲಿ ನೋಡ್ತೇನೆ. ಅಲ್ಲಿಯೂ ಇದೇ ಕಥೆಯಾದರೆ ಕ್ಲಾಸು ಬಂದ್."

ನಾನು ಸಂವಿಧಾನವನ್ನು ಆಧಾರವಾಗಿಟ್ಟು ಒಂದು ದೀರ್ಘ ಖಂಡನೆಯನ್ನು ಬರೆದು, ಮರುದಿನ ಮಾಸ್ಟ್ರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಒಳ್ಳೆದುಂಟು. ಧನಿಗಳು ಸೋಲ್ತಾರೆ. ಸೋತವರು ಮಗುವನ್ನು ಕ್ಲಾಸಿಗೆ ಕಳಿಸ್ತಾರಾ?"

ನಾನು ಹಾಳೆಗಳನ್ನು ಮಡಿಸಿ ಜೇಬಿಗೆ ಸೇರಿಸಿದೆ.

ಮಾಸ್ಟ್ರು ವಾರ್ಷಿಕೋತ್ಸವಕ್ಕೆ ಹೊಸ ಕೃತಿಯೊಂದನ್ನು ರಚಿಸಿದರು. ಮಕ್ಕಳು ಸಾಲಾಗಿ ನಿಲ್ಲಬೇಕು. ಕೊಳಲು ಒಬ್ಬರಿಂದೊಬ್ಬರಿಗೆ ದಾಟಬೇಕು. ನಡುವೆ ಒರೆಸುವಷ್ಟೂ ಬಿಡುವಿಲ್ಲ. ಅಭ್ಯಾಸದ ಕೊನೆಯ ದಿನ ಮಕ್ಕಳಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. "ಮನೆಯಲ್ಲಿ ಬೈಗುಳ ತಿನ್ನುವವರು ನೀವು, ನಾನಲ್ಲ. ಬೇಡ ಅಂತ ಕಂಡರೆ ಕೈ ಮುಂದೆ ಮಾಡಬೇಡಿ. ಕೊಳಲು ನಿಮ್ಮನ್ನು ದಾಟಿ ಮುಂದೆ ಹೋಗ್ತದೆ. ಅದರಲ್ಲಿ ನಾಚಿಕೆ ಎಂತದೂ ಇಲ್ಲ."

ವಾರ್ಷಿಕೋತ್ಸವದ ದಿನ ಶಾಲೆಯ ಅಂಗಳ ತುಂಬಿತ್ತು. ಧನಿಗಳು ಮೊದಲ ಸಾಲಿನಲ್ಲಿದ್ದರು. ಮಕ್ಕಳ ಸಾಲಿನಲ್ಲಿ ಅವರ ಮೊಮ್ಮಗಳಿಗಿಂತ ಮುಂಚೆ ನುಡಿಸಬೇಕಾದವನು ಕಳ್ಳು ಇಳಿಸುವವರ ಮಗ. ಅವನು ತನ್ನ ಪಾಲನ್ನು ನುಡಿಸಿ, ಕೊನೆಯ ಸ್ವರವನ್ನು ಬಾಗಿಸಿ ಬಿಟ್ಟು, ಕೊಳಲನ್ನು ಚಾಚಿದ. ಹುಡುಗಿ ಅಜ್ಜನತ್ತ ನೋಡಿದಳು. ತಬಲಾ ಬಾರಿಸುತ್ತಿದ್ದ ನಮ್ಮ ಡ್ರಾಯಿಂಗ್ ಮಾಸ್ಟ್ರು ತಾಳದ ಅದೇ ಆವರ್ತನವನ್ನು ಮತ್ತೆ ಬಾರಿಸಿದರು, ಮತ್ತೂ ಒಮ್ಮೆ ಬಾರಿಸಿದರು. ಅವಳು ಕೈ ಮುಂದೆ ಮಾಡಿದಳು. ಹುಡುಗ ಬಿಟ್ಟ ಆ ಬಾಗಿದ ಸ್ವರವನ್ನೇ ಹಿಡಿದು, ಅಭ್ಯಾಸದಲ್ಲಿ ಎಂದೂ ನುಡಿಸದ ಏನನ್ನೋ ನುಡಿಸತೊಡಗಿದಳು.

ಧನಿಗಳು ಎದ್ದು ನಿಂತರು. ಅವರ ಹಿಂದೆ ಅವರ ಕಡೆಯವರೆಲ್ಲ ಎದ್ದರು. ಎಲ್ಲ ಮುಗಿಯಿತೆಂದು ನಾನು ಜೇಬಿನಲ್ಲಿದ್ದ ನನ್ನ ಖಂಡನೆಯನ್ನು ಹೊರತೆಗೆದೆ.

"ನೀವೆಲ್ಲ ಯಾಕೆ ಎದ್ದದ್ದು?" ಎಂದು ಧನಿಗಳು ಹಿಂದಕ್ಕೆ ತಿರುಗಿ ಗದರಿದರು. "ಮೈಕಿನ ಕಂಬ ಅಡ್ಡ ಉಂಟು, ಮಗು ಕಾಣುವುದಿಲ್ಲ. ಕೂತ್ಕೊಳ್ಳಿ!"

ಕೃತಿ ಮುಗಿಯುವವರೆಗೂ ಅವರು ನಿಂತೇ ಕೇಳಿದರು. ತರಗತಿ ಮುಚ್ಚಲಿಲ್ಲ. ಆದರೆ ಪಾಠವಾದ ಪ್ರತಿ ಸಂಜೆಯೂ ಆ ಹುಡುಗಿಗೆ ಬಾವಿಕಟ್ಟೆಯಲ್ಲಿ ತಲೆಗೆ ಸ್ನಾನವಾಗದೆ ಮನೆಯೊಳಗೆ ಪ್ರವೇಶವಿಲ್ಲವೆಂದು ಕೇಳಿ ನಾನು ಕುದಿದೆ. ಮಾಸ್ಟ್ರು ಮಾತ್ರ, "ಬರ್ತಾಳಲ್ಲ, ಸಾಕು" ಎಂದರು. ಅವಳು ಒಂದು ಪಾಠವನ್ನೂ ತಪ್ಪಿಸಲಿಲ್ಲ. ಮುಂದೆ ಮೂಡಬಿದಿರೆಯಲ್ಲಿ ಅವರ ಭಾನುವಾರದ ತರಗತಿಯನ್ನು ವಹಿಸಿಕೊಂಡವಳು ಅವಳೇ. ಬೊಂಬಾಯಿಯ ತಂಡದವರು ಮಾಸ್ಟ್ರನ್ನು ಮತ್ತೆ ಕರೆದಾಗ, "ಇಲ್ಲಿ ನನ್ನ ತಂಡ ಅದಕ್ಕಿಂತ ದೊಡ್ಡದುಂಟು" ಎಂದು ಹೋಗದೆ ಉಳಿದರು.

ಅರವತ್ತರ ದಶಕ ಮುಗಿಯುವ ಮೊದಲೇ ಕಾಮಾಲೆ ಅವರನ್ನು ಕೊಂಡೊಯ್ದಿತು. ಶಾಲೆಯಲ್ಲಿ ನಡೆದ ಸಂತಾಪಸಭೆಗೆ, ಮುಪ್ಪಿನಿಂದ ಬಾಗಿದ್ದ ಧನಿಗಳು ಮೊಮ್ಮಗಳ ತೋಳು ಹಿಡಿದು ಬಂದರು.

"ಈ ಮನುಷ್ಯನಿಂದಾಗಿ ನಮ್ಮ ಬಾವಿಯ ನೀರು ಎಷ್ಟು ಖರ್ಚಾಗಿದೆ ಗೊತ್ತುಂಟಾ ನಿಮಗೆ?" ಎಂದರು. ಸಭೆ ನಕ್ಕಿತು. ಅವರು ನಗಲಿಲ್ಲ. "ಒಂದು ಮಳೆಗಾಲ ಇವಳಿಗೆ ಜ್ವರ ಹಿಡಿಯಿತು. ಬಿಡುವುದೇ ಇಲ್ಲ. ಕೊಳಲು ಬಿಡಿಸುವುದಾ, ಸ್ನಾನ ಬಿಡಿಸುವುದಾ ಅಂತ ಮನೆಯಲ್ಲಿ ಮಾತಾಯಿತು." ಮೊಮ್ಮಗಳ ತೋಳನ್ನು ಮತ್ತೆ ಹಿಡಿದು, "ಸ್ನಾನ ಬಿಡಿಸಿದೆವು" ಎಂದು ಕುಳಿತರು.

ಮುಂದಿನ ಸರದಿ ನನ್ನದಾಗಿತ್ತು. ಅವರ ಸಹೋದ್ಯೋಗಿಯಾಗಿದ್ದೆನೆಂಬುದೇ ನನ್ನ ಬದುಕಿನ ಹೆಮ್ಮೆ ಎಂದಷ್ಟೇ ಹೇಳಿ ಕುಳಿತೆ.