ಬಾಗಿಲಿಂದ ಮೂರನೆಯ ತೊಲೆ

ಆ ತೊಲೆ ಟೊಳ್ಳಾಗಿದೆ ಎಂದು ನನಗೆ ಗೊತ್ತಿತ್ತು, ಸುಧಾ. ನೀನು ಮಾಳಿಗೆ ಹತ್ತುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹತ್ತು ಎಂದೆ.

ಇಷ್ಟು ಬರೆದು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಈ ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಎದುರು ಕೂತು ಊಟ ಮಾಡಿದ್ದೇನೆ, ನಿನ್ನ ಕಾಲಿಗೆ ಎಣ್ಣೆ ತಿಕ್ಕಿದ್ದೇನೆ. ಹೆಂಡತಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ನಿನ್ನ ಗೆಳತಿಯರಿಂದ ಹೊಗಳಿಸಿಕೊಂಡಿದ್ದೇನೆ. ಆ ಹೊಗಳಿಕೆ ಕೇಳಿದಾಗೆಲ್ಲ ಅನುಮಾನವಾಗುತ್ತಿತ್ತು — ಇವರಿಗೆಲ್ಲ ಗೊತ್ತಾಗಿಬಿಟ್ಟಿದೆಯೇನೋ, ಬೇಕೆಂದೇ ಹಂಗಿಸುತ್ತಿದ್ದಾರೇನೋ ಎಂದು.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರು ಮಾಡಿದರೆ ನನಗೆ ಬೇಕಾದ ಕಡೆ ಜಾರಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಆಗಲೂ ನಾವಿದ್ದದ್ದು ದೋಹಾದ ಇದೇ ಅಲ್ ಹಿಲಾಲ್‌ನ ಫ್ಲ್ಯಾಟಿನಲ್ಲಿ. ನನ್ನ ಆಫೀಸಿನ ಕಟ್ಟಡದ ಮಾಲೀಕರು ಬೂ ಸಾಲಿಂ. ಸಾಲಿಮನ ಅಪ್ಪ ಎಂದರ್ಥ. ದೊಡ್ಡ ಮಗನ ಹೆಸರಿನಿಂದಲೇ ಎಲ್ಲರೂ ಅವರನ್ನು ಕರೆಯುತ್ತಿದ್ದರು. ಪ್ರಾಯದಲ್ಲಿ ಬೊಂಬಾಯಿಯಲ್ಲಿದ್ದು ಬಂದವರು, ಹಿಂದಿ ಸಲೀಸು. ಕತಾರಿನ ಉತ್ತರ ತುದಿಯ ಅಲ್ ಶಮಾಲ್ ಕಡೆ, ಸಮುದ್ರಕ್ಕೆ ಹತ್ತಿರ, ಅವರು ಹುಟ್ಟಿದ ಮನೆ ಪಾಳು ಬಿದ್ದಿತ್ತು. ಮಕ್ಕಳಿಗೆ ಅದನ್ನು ಕೆಡವಿ ಬಂಗಲೆ ಕಟ್ಟುವ ಆಸೆ. ಒಂದು ದಿನ ಚಹಾ ಕುಡಿಯುತ್ತ, ಹಳೆಯ ಮನೆ ಎಂದರೆ ನನಗೂ ನನ್ನ ಹೆಂಡತಿಗೂ ಹುಚ್ಚು ಎಂದು ನಾನು ಬಾಯಿಬಿಟ್ಟೆ. ಸುಮ್ಮನೆ ಮಾತಿಗೆ ಹೇಳಿದ್ದು. ಮುದುಕರು ಹಿಡಿದ ಪಟ್ಟು ಬಿಡಲಿಲ್ಲ. ಕಂಟ್ರಾಕ್ಟರ್ ಬಂದರೆ ಅವನೂ ಕೆಡವು ಎನ್ನುತ್ತಾನೆ, ನೀವಿಬ್ಬರೇ ಕೈಯಾರೆ ಸರಿಮಾಡಿ, ರಜಾದಿನಗಳಲ್ಲಿ ಅಲ್ಲೇ ಇರಿ, ಬಾಡಿಗೆ ಬೇಡ ಎಂದರು. ಷರತ್ತು ಒಂದೇ. ಹಳೆಯದು ಏನು ಹಾಳಾಗಿದ್ದರೂ, ಏನು ತೆಗೆಯುವುದಿದ್ದರೂ ಮೊದಲು ಅವರಿಗೆ ತೋರಿಸಬೇಕು.

ಆ ಚಳಿಗಾಲ ನಾವಿಬ್ಬರೂ ಎಷ್ಟು ಸಂತೋಷವಾಗಿದ್ದೆವು. ಸಮುದ್ರದ ಕಲ್ಲಿನ ಗೋಡೆ, ಅದಕ್ಕೆ ಬಳಿದ ಜಿಪ್ಸಂ ಗಾರೆ. ಮೇಲೆ ಆಫ್ರಿಕಾದಿಂದ ಹಡಗಿನಲ್ಲಿ ಬಂದ ಕಾಂಡ್ಲಾ ಮರದ ದುಂಡು ತೊಲೆಗಳು, ತೊಲೆಗಳ ಮೇಲೆ ಬಿದಿರಿನ ಸೀಳು, ಚಾಪೆ, ಅದರ ಮೇಲೆ ಮಣ್ಣು. ನೀನು ತಲೆಗೆ ಹಳೆಯ ದುಪಟ್ಟಾ ಸುತ್ತಿಕೊಂಡು, ಬಾಗಿಲ ಮೇಲಿನ ಗಾರೆಯ ಜಾಲರಿಯನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ತೂತು ಬಿಡಿಸಿ ತೊಳೆಯುತ್ತಿದ್ದೆ. ಬೂ ಸಾಲಿಂ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಇಲ್ಲಿ ಅಮ್ಮ ಆಡು ಕಟ್ಟುತ್ತಿದ್ದಳು, ಇಲ್ಲಿ ಅಪ್ಪ ಬಲೆ ಒಣಗಿಸುತ್ತಿದ್ದ ಎಂದು ಹೇಳುತ್ತಿದ್ದರು. ನೀನು ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ನಿನಗೆ ಆ ಮನೆ ಅವರಿಗಾಗಿ ಬೇಕಿತ್ತು. ನನಗೆ — ನನಗೆ ಬೇಕಿದ್ದುದು ಬೇರೆ. ಆಫೀಸಿನಲ್ಲಿ ಫೋಟೋ ತೋರಿಸುತ್ತ, ಒಂದೇ ಒಂದು ಮರವನ್ನೂ ಬದಲಿಸಿಲ್ಲ ಗೊತ್ತಾ, ಎಲ್ಲ ಮೂಲದ್ದೇ ಎಂದು ಹೇಳಿಕೊಳ್ಳುವುದು ಬೇಕಿತ್ತು.

ಮುಂದಿನ ಕೋಣೆ, ಅತಿಥಿಗಳು ಕೂರುವ ಮಜ್ಲಿಸ್, ಅದರ ತೊಲೆಗಳಿಗೆ ಯಾರೋ ಹಸಿರು ಎಣ್ಣೆಬಣ್ಣ ಹೊಡೆದಿದ್ದರು. ನಾನು ಏಣಿ ಹಾಕಿ ಕೆರೆಯುತ್ತಿದ್ದೆ. ಬಾಗಿಲಿಂದ ಮೂರನೆಯ ತೊಲೆಯಲ್ಲಿ, ಬಣ್ಣ ಉಬ್ಬಿದ್ದ ಕಡೆ, ಸ್ಕ್ರೂಡ್ರೈವರಿನ ಮೊನೆಯಿಂದ ಮೆಲ್ಲಗೆ ಒತ್ತಿದೆ. ಅದು ಹಿಡಿಯವರೆಗೂ ಒಳಗೆ ಹೋಯಿತು. ತಡೆಯೇ ಇಲ್ಲ. ಹೊರಗೆಳೆದರೆ ರಾಗಿಹಿಟ್ಟಿನಂಥ ಪುಡಿ ಮುಖದ ಮೇಲೆ ಸುರಿಯಿತು. ಗೆದ್ದಲು. ಇನ್ನೊಂದು ಕಡೆ ಒತ್ತಿದೆ, ಅಲ್ಲೂ ಅಷ್ಟೆ. ಬಣ್ಣದ ಸಿಪ್ಪೆಯೊಂದು ಬಿಟ್ಟರೆ ಒಳಗೆ ಮರವೇ ಇರಲಿಲ್ಲ.

ಹೊರಗೆ ನೀನು ಬೂ ಸಾಲಿಮರಿಗೆ ಉಪ್ಪಿಟ್ಟು ಮಾಡುವುದು ಹೇಗೆಂದು ಹಿಂದಿಯಲ್ಲಿ ವಿವರಿಸುತ್ತಿದ್ದೆ. ಕೂಗಿ ಕರೆದಿದ್ದರೆ ಸಾಕಿತ್ತು. ಇಬ್ಬರೂ ಬರುತ್ತಿದ್ದಿರಿ. ಆದರೆ ತೊಲೆ ಹಾಳಾಗಿದೆ ಎಂದರೆ ಸಾಲಿಮ್‌ಗೆ ಸುದ್ದಿ ಹೋಗುತ್ತದೆ, ಮನೆ ಅಪಾಯದಲ್ಲಿದೆ ಎನ್ನುತ್ತಾನೆ, ನಾಳೆಯೇ ಬುಲ್ಡೋಜರ್ ತರಿಸುತ್ತಾನೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ಏಣಿಯಿಂದ ಇಳಿದು, ಮರಕ್ಕೆ ಮೆತ್ತುವ ಪುಟ್ಟಿ ಕಲಸಿಕೊಂಡು ಬಂದು ತೂತುಗಳಿಗೆಲ್ಲ ತುಂಬಿದೆ. ಒಣಗಿದ ಮೇಲೆ ಮರಳುಕಾಗದ ಹಿಡಿದು ಉಜ್ಜಿ, ಚಹಾದ ಗಟ್ಟಿ ಡಿಕಾಕ್ಷನ್ ಬಳಿದು ಉಳಿದ ತೊಲೆಗಳ ಬಣ್ಣಕ್ಕೆ ತಂದೆ. ಬೂ ಸಾಲಿಂ ಒಳಗೆ ಬಂದು ತಲೆಯೆತ್ತಿ ನೋಡಿ, ಎಲ್ಲ ಗಟ್ಟಿಯಿದೆಯಾ ಎಂದರು. ಗಟ್ಟಿಯಿದೆ ಬಾಬಾ ಎಂದೆ. ಅವರು ಊರುಗೋಲಿನ ತುದಿಯಿಂದ ಒಂದು ತೊಲೆಯನ್ನು ತಟ್ಟಿದರು. ಅದು ಎರಡನೆಯದು.

ಅಂದಿನಿಂದ ನಾನು ಹೆದರಿಕೊಂಡೇ ಬದುಕಿದ್ದೇನೆ. ಆ ಕೋಣೆಯಲ್ಲಿ ಸಮುದ್ರದ ಗಾಳಿ ನೇರ ಬಡಿಯುತ್ತದೆ ಎಂದು ನೆಪ ಹೇಳಿ ನಮ್ಮ ಹಾಸಿಗೆಯನ್ನು ಹಿಂದಿನ ಕೋಣೆಗೆ ಹಾಕಿದೆ. ಬಂದವರನ್ನು ಗೋಡೆಗೊರಗಿಸಿ ಕೂರಿಸುತ್ತಿದ್ದೆ. ಮಜ್ಲಿಸ್ ಎಂದರೆ ಹಾಗೆಯೇ ಕೂರುವುದಾದ್ದರಿಂದ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಒಮ್ಮೆ ದೋಹಾದ ನಜ್ಮಾ ಬಡಾವಣೆಯಿಂದ ನನ್ನ ಸ್ನೇಹಿತನ ಸಂಸಾರ ಬಂದಿತ್ತು, ನೆನಪಿದೆಯಾ? ಅವನ ಇಬ್ಬರು ಮಕ್ಕಳು ಮಜ್ಲಿಸ್ಸಿನ ನಡುವೆ ಕುಣಿಯುತ್ತಿದ್ದಾಗ ನಾನು ಕಿರುಚಿಬಿಟ್ಟೆ. ಚಿಕ್ಕದು ಅತ್ತಿತು. ಅವರು ಹೋದ ಮೇಲೆ, ಮಕ್ಕಳಿಗಿಂತ ಮನೆ ಹೆಚ್ಚಾಯ್ತಾ ನಿಮಗೆ ಎಂದು ನೀನು ಬೈದೆ. ಬೈಸಿಕೊಂಡೆ. ಪೊರಕೆ ಹಿಡಿದು ನೆಲ ಗುಡಿಸುವಾಗ ಮೂರನೆಯ ತೊಲೆಯ ಕೆಳಗೆ ಸಣ್ಣ ಪುಡಿ ಬಿದ್ದಿರುತ್ತಿತ್ತು. ನಿನಗಿಂತ ಮೊದಲು ಎದ್ದು ಅದನ್ನು ಗುಡಿಸುವುದು ನನ್ನ ಕೆಲಸವಾಯಿತು. ಗಂಡ ಕಸ ಗುಡಿಸುತ್ತಾನೆ ಎಂದು ನೀನು ನಿನ್ನ ತಂಗಿ ಮಂಜುವಿಗೆ ಫೋನಿನಲ್ಲಿ ಹೇಳಿ ನಗುತ್ತಿದ್ದೆ.

ನೀನು ಮಾಳಿಗೆ ಹತ್ತಬಹುದೆಂದು ನನಗೆ ಹೊಳೆದಿರಲಿಲ್ಲ. ಉಡುಪಿಯ ಕಡೆಯವನು ನಾನು, ಹಂಚಿನ ಮಾಡಿನ ಕೆಳಗೆ ಬೆಳೆದವನು. ನಮ್ಮಲ್ಲಿ ಹಂಚು ಒಡೆದರೆ ಬಿಟ್ಟು ಬೇರೆ ಯಾವುದಕ್ಕೂ ಮಾಡಿನ ಮೇಲೆ ಯಾರೂ ಹೋಗುವುದಿಲ್ಲ. ನೀನು ಮೈಸೂರಿನವಳು, ನಿಮ್ಮಲ್ಲಿ ತಾರಸಿ ಎಂದರೆ ಅರ್ಧ ಮನೆ. ಇಲ್ಲಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಬಟ್ಟೆ ಹರವಿದರೂ ವಾಚ್‌ಮನ್ ಬಂದು ಮಾಫಿ, ಮಾಫಿ, ಹಾಕುವಂತಿಲ್ಲ ಎನ್ನುತ್ತಿದ್ದ. ಆ ಬಯಲು ಮಾಳಿಗೆಯ ಬಿಸಿಲು ನೋಡಿ ನೋಡಿ ನಿನಗೆ ಆಸೆ ಹುಟ್ಟಿತ್ತು. ಬೇಸಿಗೆ ಏರುವ ಮೊದಲು ಒಂದು ಬೆಳಿಗ್ಗೆ ಜೀರಿಗೆ, ಹಸಿಮೆಣಸು ಹಾಕಿ ಅಕ್ಕಿ ಸಂಡಿಗೆಯ ಹಿಟ್ಟು ಕಾಯಿಸಿಕೊಂಡು, ಹೆಗಲಿಗೆ ಹಳೆಯ ಪಂಚೆ ಹಾಕಿಕೊಂಡು ಏಣಿಯ ಬುಡದಲ್ಲಿ ನಿಂತೆ.

“ರೀ, ಮೇಲೆ ಹೋಗ್ಬಹುದಾ? ನನ್ ಭಾರ ತಡೆಯತ್ತಾ ಇದು?”

ಕೇಳಿದೆಯಲ್ಲ. ನೀನು ಕೇಳಿದೆ. ಅದೇ ನನ್ನನ್ನು ಕೊಲ್ಲುವುದು. ಕೇಳದೆ ಹತ್ತಿದ್ದರೆ ನಾನು ಇಂದು ಹೇಗಾದರೂ ತಲೆ ತಪ್ಪಿಸಿಕೊಳ್ಳುತ್ತಿದ್ದೆ. ಬೇಡ ಎಂದರೆ ಯಾಕೆ ಎನ್ನುತ್ತೀ, ಯಾಕೆ ಎಂದರೆ ನಾನು ಪುಟ್ಟಿಯ ವಿಷಯ ಹೇಳಬೇಕು, ನೀನು ಹೋಗಿ ಆ ಮುದುಕರಿಗೆ ಹೇಳುತ್ತೀ — ಒಂದು ಕ್ಷಣದಲ್ಲಿ ಇಷ್ಟೆಲ್ಲ ಲೆಕ್ಕ ಹಾಕಿದೆ.

“ಹೋಗು, ಎಂಥದೂ ಆಗುವುದಿಲ್ಲ,” ಎಂದೆ. “ಅಂಚಿನಲ್ಲೇ ನಡಿ, ಆಯ್ತಾ?”

ಅಂಚಿನಲ್ಲೇ ನಡಿ. ಆ ಮಾತನ್ನು ನಾನು ಯಾಕೆ ಹೇಳಿದೆ? ನಿನ್ನನ್ನು ಕಾಪಾಡಲೆಂದೇ, ಅಥವಾ ನಾಳೆ ಏನಾದರೂ ಆದರೆ ಹೇಳಿದ್ದೆನಲ್ಲ ಎನ್ನಲು ಇರಲೆಂದೇ?

ಅಂಚಿನಲ್ಲಿ ಮೋಟುಗೋಡೆಯ ನೆರಳು. ಸಂಡಿಗೆ ಇಡುವವಳು ನೆರಳಿನಲ್ಲಿ ಇಡುತ್ತಾಳೆಯೇ? ನೀನು ಬಿಸಿಲಿದ್ದ ಕಡೆ, ನಡುವಿಗೆ ಹೋದೆ. ನಾನು ಅಂಗಳದಲ್ಲಿ ನಿಂತು ನಿನ್ನ ಹೆಜ್ಜೆ ಕೇಳುತ್ತಿದ್ದೆ. ಕೂಗಬೇಕು ಎಂದುಕೊಂಡೆ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ, ಸಿಮೆಂಟಿನ ಮೂಟೆ ಇಳಿಸಿದಂಥ ಒಂದು ಸದ್ದು. ನೀನು ಕೂಗಲೂ ಇಲ್ಲ. ಬಾಗಿಲಿಂದ ಬೂದಿಬಣ್ಣದ ಧೂಳು ಹೊರಗೆ ಬಂತು.

ಪಕ್ಕದ ತೋಟದ ಕಾವಲುಗಾರ ಓಡಿಬಂದ. ಇಬ್ಬರೂ ಮಣ್ಣು ಸರಿಸಿ ನಿನ್ನನ್ನು ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಪಾದ ತಿರುಗಿ ನಿಂತಿತ್ತು. ನಿನ್ನ ಐಡಿ ಕಾರ್ಡ್ ತರುತ್ತೇನೆ ಎಂದು ನಾನು ಒಳಗೆ ಹೋದೆ. ಕಾರ್ಡ್ ನನ್ನ ಜೇಬಿನಲ್ಲೇ ಇತ್ತು, ಸುಧಾ. ನಾನು ಹೋದದ್ದು ತೊಲೆಯ ಮುರಿದ ತುಂಡಿಗಾಗಿ. ಪುಟ್ಟಿ ಮೆತ್ತಿದ ಭಾಗ ಮೇಲೆಯೇ ಬಿದ್ದಿತ್ತು, ನೋಡಿದವರಿಗೆ ಕೂಡಲೇ ತಿಳಿಯುವಂತೆ. ಅದನ್ನು ಪಂಚೆಯಲ್ಲಿ ಸುತ್ತಿ, ಹಿಂಬದಿಯಿಂದ ತಂದು ಡಿಕ್ಕಿಯಲ್ಲಿ ಹಾಕಿದೆ. ದೋಹಾದವರೆಗೂ ನೀನು ಹಿಂದಿನ ಸೀಟಿನಲ್ಲಿ ನರಳುತ್ತಿದ್ದೆ, ಅದು ನಿನ್ನ ಬೆನ್ನ ಹಿಂದೆಯೇ ಅತ್ತಿತ್ತ ಉರುಳಿ ಬಡಿಯುತ್ತಿತ್ತು. ಅದೇನ್ರೀ ಸದ್ದು ಎಂದು ನೀನು ಒಮ್ಮೆ ಕೇಳಿದೆ. ಸ್ಟೆಪ್ನಿ ಎಂದೆ. ನಿನ್ನನ್ನು ಆಪರೇಶನ್‌ಗೆ ಒಳಗೆ ಕರೆದುಕೊಂಡು ಹೋದ ಮೇಲೆ, ನಜ್ಮಾದ ಹತ್ತಿರ ಕಟ್ಟುತ್ತಿದ್ದ ಯಾವುದೋ ಕಟ್ಟಡದ ಕಸದ ರಾಶಿಯಲ್ಲಿ ಅದನ್ನು ಎಸೆದು ಬಂದೆ. ನಿನಗೆ ಎಚ್ಚರವಾಗುವ ಹೊತ್ತಿಗೆ ಕೈತೊಳೆದುಕೊಂಡು ಪಕ್ಕದಲ್ಲಿ ಕೂತಿದ್ದೆ.

ಮರುದಿನ ಬೂ ಸಾಲಿಂ ಆಸ್ಪತ್ರೆಗೆ ಖರ್ಜೂರ, ಕಿತ್ತಳೆ ತಂದರು. ನೀನು ಅವರ ಎರಡೂ ಕೈ ಹಿಡಿದು ಅತ್ತೆ. ಇವರು ಅಂಚಿನಲ್ಲೇ ನಡಿ ಅಂದಿದ್ದರು, ನಾನೇ ಕೇಳದೆ ನಡುವಿಗೆ ಹೋದೆ, ನಿಮ್ಮ ಮನೆ ಕೆಡವಿದವಳು ನಾನು ಎಂದೆ. ಖಲಾಸ್ ಬೇಟಿ, ಮುಗಿಯಿತು ಬಿಡು, ಮನೆ ಹೋದರೆ ಹೋಗಲಿ ಎಂದು ಅವರು ನಿನ್ನ ತಲೆ ಸವರಿದರು. ನಾನು ಕಿಟಕಿಯ ಹತ್ತಿರ ನಿಂತು ಕಿತ್ತಳೆ ಸುಲಿಯುತ್ತಿದ್ದೆ. ಅದು ಮುಗಿದ ಮೇಲೆ ಇನ್ನೊಂದನ್ನು ಸುಲಿದೆ.

ಮಗ ಸಾಲಿಂ ಕಾದಿದ್ದವನಂತೆ ಮನೆ ಕೆಡವಿಸಿದ. ಈಗ ಅಲ್ಲಿ ಎತ್ತರದ ಕಾಂಪೌಂಡು, ಒಳಗೊಂದು ಬಂಗಲೆ. ನಿನ್ನ ಕಾಲು ಕೂಡಿಕೊಂಡಿತು, ಆದರೆ ನೇರವಾಗಲಿಲ್ಲ. ಆಮೇಲೆ ನೀನು ಸಂಡಿಗೆ ಮಾಡಲಿಲ್ಲ. ನಾನು ಯಾಕೆಂದು ಕೇಳಲಿಲ್ಲ. ಕೇಳಿದರೆ ಮಾತು ಎಲ್ಲಿಗೆ ಹೋಗುತ್ತದೋ ಎಂಬ ಹೆದರಿಕೆ. ಡಿಕ್ಕಿ ತೆರೆಯುವಾಗ ಹೆದರಿಕೆ, ಬೂ ಸಾಲಿಮರ ಫೋನ್ ಬಂದರೆ ಹೆದರಿಕೆ, ನೀನು ಸುಮ್ಮನೆ ನನ್ನನ್ನೇ ನೋಡುತ್ತ ಕೂತರೂ ಹೆದರಿಕೆ.

ಹೀಗೆಯೇ ಸಾಯುವವರೆಗೂ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಮೊನ್ನೆ ಮಂಜು ಫೋನ್ ಮಾಡಿದ್ದಳು. ಮೈಸೂರಿನಲ್ಲಿ ಹೊಸ ಮನೆಯ ಗೃಹಪ್ರವೇಶ, ಅಕ್ಕ, ಮೊದಲು ನೀನೇ ಬಲಗಾಲಿಟ್ಟು ಒಳಗೆ ಬರಬೇಕು ಎಂದು. ನೀನು ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು.

“ಬೇಡ ಕಣೆ. ನಿಮ್ಮತ್ತೇನೋ ನಿನ್ ಓರಗಿತ್ತೀನೋ, ಯಾರಾದ್ರೂ ಬರ್ಲಿ. ನನ್ ಕಾಲ್ಗುಣ ಒಳ್ಳೇದಲ್ಲ. ನಾನು ಕಾಲಿಟ್ಟ ಮನೆ ಏನಾಯ್ತು ಅಂತ ನಿಂಗೇ ಗೊತ್ತಲ್ಲ.”

ನಾನು ಸೋಫಾದಲ್ಲಿ ಕೂತಿದ್ದವನು ಹಾಗೆಯೇ ಕೂತೆ. ನನ್ನಿಂದ ಮುರಿದದ್ದು ನಿನ್ನ ಕಾಲು ಮಾತ್ರ ಎಂದುಕೊಂಡಿದ್ದೆ. ಇಷ್ಟು ವರ್ಷ ನೀನು ನಿನ್ನನ್ನೇ ಅಪಶಕುನ ಎಂದುಕೊಂಡು ಓಡಾಡುತ್ತಿದ್ದೀ, ನಾನು ಅದನ್ನು ಪಕ್ಕದಲ್ಲಿದ್ದು ಬೆಳೆಯಲು ಬಿಟ್ಟಿದ್ದೇನೆ.

ನಿನ್ನ ಹತ್ತಿರ ಬರುವ ಧೈರ್ಯವಾಗದೆ ನಿನ್ನೆ ಬೂ ಸಾಲಿಮರ ಮನೆಗೆ ಹೋದೆ. ಈಗ ಅವರು ಗಾಲಿಕುರ್ಚಿಯಲ್ಲಿದ್ದಾರೆ. ಪುಟ್ಟಿ, ಚಹಾದ ಬಣ್ಣ, ಡಿಕ್ಕಿ, ಎಲ್ಲ ಹೇಳಿದೆ. ನಾನು ಒಂದು ಬೈಗುಳಕ್ಕಾಗಿಯೋ, ಒಂದು ಖಲಾಸ್‌ಗಾಗಿಯೋ ಕಾಯುತ್ತಿದ್ದೆ. ಎರಡೂ ಸಿಗಲಿಲ್ಲ.

“ಅವಳಿಗೆ ಹೇಳಿದ್ದೀಯಾ?” ಎಂದು ಅವರ ಹಿಂದಿಯಲ್ಲಿ ಕೇಳಿದರು. ಇಲ್ಲ ಎಂದೆ. “ಹಾಗಾದರೆ ನನ್ನ ಹತ್ತಿರ ಯಾಕೆ ಬಂದೆ? ಮನೆ ನನ್ನದು. ಕಾಲು ಅವಳದು.” ನಾನು ಎದ್ದು ಬಂದೆ.

ಇದನ್ನು ಮೇಜಿನ ಮೇಲಿಟ್ಟು, ನೀನು ಓದುವಷ್ಟು ಹೊತ್ತು ಹೊರಗೆ ಹೋಗಿಬಿಡೋಣ ಎಂದು ಬೆಳಿಗ್ಗೆಯವರೆಗೂ ಅಂದುಕೊಂಡಿದ್ದೆ. ಇಲ್ಲ, ಹೋಗುವುದಿಲ್ಲ. ಇದು ನನ್ನ ಬಾಯಿ ಅಭ್ಯಾಸವಾಗಲೆಂದು ಬರೆದುಕೊಂಡದ್ದು, ಅಷ್ಟೆ. ನೀನು ಮನೆಗೆ ಬಂದು ಕೂತ ಮೇಲೆ ಎದುರಿಗೆ ಕೂತು ಬಾಯಿಬಿಟ್ಟು ಹೇಳುತ್ತೇನೆ. ನೀನು ಏನು ಕೇಳಿದರೂ ಉತ್ತರಿಸುತ್ತೇನೆ, ಸ್ಟೆಪ್ನಿಯ ಬಗ್ಗೆಯೂ. ಕ್ಷಮಿಸು ಎಂದು ಕೇಳುವುದಿಲ್ಲ. ಹೆದರಿಕೆ ಮಾತ್ರ ಈ ಕ್ಷಣಕ್ಕೂ ಇದೆ.

ಮಂಜುವಿಗೆ ನೀನು ಬೇಡ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಇದೊಂದನ್ನು ಕೇಳುತ್ತೇನೆ. ಆ ಮನೆಯ ಹೊಸಿಲನ್ನು ನೀನೇ ಮೊದಲು ದಾಟು. ಆ ದಿನ ನಾನು ನಿನ್ನ ಜೊತೆ ಬರಬೇಕೋ ಬೇಡವೋ ಎಂಬುದನ್ನು ನೀನು ಹೇಳು.