ಸಿಕ್ಸರ್ ಹೊಡೆದ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಮೇಷ್ಟ್ರು ಒಂದು ಕಾಲಕ್ಕೆ ಮೈಸೂರಿನ ಕ್ರಿಕೆಟ್ ಆಟಗಾರ. ದೋಸೆ ಮಗುಚುವಾಗಲೂ, ಬಾಗಿಲ ಮುಂದಿನ ಸ್ನೋ ಬಾಚುವಾಗಲೂ ಎಡಗಾಲು ಮುಂದಿಟ್ಟು, "ಎಲ್ಲಾ ಟೈಮಿಂಗ್ ಕಣ್ರೀ!" ಎನ್ನುತ್ತಿದ್ದರು.

ಒಂದು ಶನಿವಾರ ಅವರ ಶಾಲೆಯಲ್ಲಿ ಮೇಷ್ಟ್ರುಗಳಿಗೂ ಮಕ್ಕಳಿಗೂ ಬೇಸ್‌ಬಾಲ್ ಪಂದ್ಯ; ನೋಡಲು ನಾನೂ ಹೋಗಿದ್ದೆ. ಸಮಸಮವಾಗಿದ್ದ ಆಟದ ಕೊನೆಯಲ್ಲಿ ನಮ್ಮ ಮೇಷ್ಟ್ರು ಬೀಸಿದ ಏಟಿಗೆ ಚೆಂಡು ಬೇಲಿ ದಾಟಿತು. ಆದರೆ ಬೇಸ್‌ಬಾಲ್‌ನಲ್ಲಿ ಅಷ್ಟು ಸಾಲದು; ನಾಲ್ಕು ಮೂಲೆಯ ಬೇಸ್‌ಗಳನ್ನೆಲ್ಲ ಮುಟ್ಟುತ್ತ ಸುತ್ತಿ ಬಂದರೆ ಮಾತ್ರ ಗೆಲುವು. ಇವರೋ ಬ್ಯಾಟ್ ಎತ್ತಿ, ಜನರಿಗೆ ವಂದಿಸುತ್ತ ನಿಂತೇಬಿಟ್ಟರು!

"ಓಡಿ ಸಾರ್!" ಎಂದು ನಾನು ಕಿರುಚಿದೆ.

"ಸಿಕ್ಸರ್‌ಗೆ ಯಾರಾದ್ರೂ ಓಡ್ತಾರೇನ್ರೀ?"

ಕೊನೆಗೆ ಎದುರು ತಂಡದ ಮಕ್ಕಳೇ ನುಗ್ಗಿ, ಅವರನ್ನು ತಳ್ಳಿಕೊಂಡು ಮೈದಾನ ಸುತ್ತಿಸಿ, ತಾವು ಸೋತದ್ದಕ್ಕೆ ಕೇಕೆ ಹಾಕಿದರು.

ಮೇಷ್ಟ್ರು ಏದುಸಿರು ಬಿಡುತ್ತಲೇ ನನ್ನತ್ತ ಬ್ಯಾಟ್ ಎತ್ತಿದರು. "ಎಲ್ಲಾ ಟೈಮಿಂಗ್ ಕಣ್ರೀ!"