ಇಲ್ಲದ ಕೇಕಿಗೆ ಕರೆಯುವ ಕಾಗದ

ಆ ಕಾಗದವನ್ನು ನಾನು ಮೊದಲು ಓದಿದ್ದು ಗೈಡಿನಲ್ಲಿ ಅಲ್ಲ, ಕೇಳಿದ್ದು ಮಕ್ಕಳ ಬಾಯಲ್ಲಿ. ಹತ್ತನೇ ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಇಡೀ ತರಗತಿ ಮಗ್ಗಿ ಹೇಳುವ ರಾಗದಲ್ಲಿ ಹೇಳುತ್ತಿತ್ತು: ಐ ಆಮ್ ಫೈನ್ ಹಿಯರ್, ಹೋಪ್ ಯು ಆರ್ ಆಲ್ಸೋ ಫೈನ್ ದೇರ್. ಬರುವ ಭಾನುವಾರ ನನ್ನ ಹುಟ್ಟುಹಬ್ಬ, ಸಂಜೆ ಕೇಕ್ ಕತ್ತರಿಸುತ್ತೇವೆ, ಹಾಡು ಕುಣಿತ ಇರುತ್ತದೆ, ನೀನು ಬಂದರೆ ಬಹಳ ಸಂತೋಷವಾಗುತ್ತದೆ, ನಿನ್ನ ತಂದೆ ತಾಯಿಗೆ ನನ್ನ ನಮಸ್ಕಾರ ತಿಳಿಸು. ಇಂಗ್ಲಿಷ್ ಪತ್ರಿಕೆಯಲ್ಲಿ ಐದು ಅಂಕಕ್ಕೆ ಬರುವ ಪ್ರಶ್ನೆ ಅದು. ಸ್ನೇಹಿತರನ್ನು ಒಂದು ಸಮಾರಂಭಕ್ಕೆ ಕರೆದು ಆತ್ಮೀಯ ಪತ್ರ ಬರೆಯಬೇಕು. ಆತ್ಮೀಯತೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಹೊಲಿದು ಸಿದ್ಧವಾಗಿತ್ತು, ಯೂನಿಫಾರ್ಮಿನ ಹಾಗೆ.

ನಾನು ಅಲ್ಲಿಗೆ ಅತಿಥಿ ಶಿಕ್ಷಕಿ. ಹುಣಸೂರಿನಿಂದ ಕೆ.ಆರ್. ನಗರಕ್ಕೆ ಒಂದು ಬಸ್ಸು, ಅಲ್ಲಿಂದ ಸಾಲಿಗ್ರಾಮದ ಬಸ್ಸು ಹತ್ತಿ ಅರ್ಧ ದಾರಿಯಲ್ಲಿ ನಾಲೆಯ ಪಕ್ಕ ಇಳಿದರೆ ಶಾಲೆ. ಓದುವಾಗ ಮೈಸೂರಿನ ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಗಂಟೆ ಬಾರಿಸುವವರೆಗೂ ವಾದ ಮಾಡಿ ಅಭ್ಯಾಸವಾಗಿತ್ತು. ಅಲ್ಲಿ ಕಲಿತದ್ದು ಮುಖ್ಯವಾಗಿ ಒಂದೇ. ಎದುರಿನವರ ಮಾತಿಗೆ ಉತ್ತರ ಕೊಡುವ ಮೊದಲು, ಆ ಮಾತು ಯಾವುದರ ಮೇಲೆ ನಿಂತಿದೆ ಅಂತ ನೋಡು, ಅದನ್ನು ಎಳೆ.

ಹುಟ್ಟುಹಬ್ಬದ ಕಾಗದವನ್ನು ಬಾಯಿಪಾಠ ಮಾಡಿಸಿದ್ದವರು ಅಲ್ಲಿನ ಹಿರಿಯ ಇಂಗ್ಲಿಷ್ ಮೇಷ್ಟ್ರು. ನಿವೃತ್ತಿಗೆ ಹತ್ತಿರವಾಗಿದ್ದವರು. ಅವರ ವಾದವನ್ನು ಬೇಕಾದರೆ ಅವರಿಗಿಂತ ಚೆನ್ನಾಗಿ ನಾನೇ ಮಂಡಿಸಬಲ್ಲೆ: ಮನೆಯಲ್ಲಿ ಇಂಗ್ಲಿಷ್ ಕಿವಿಗೇ ಬೀಳದ ಮಕ್ಕಳು, ಪರೀಕ್ಷೆಯ ಹೊತ್ತಿಗೆ ಕೈಗೆ ಹಿಡಿಯಲು ಏನಾದರೂ ಕೊಡಬೇಕು, ಆ ಕಾಗದ ಹಿಡಿದೇ ಎಷ್ಟೋ ಮಕ್ಕಳು ಪಾಸಾಗಿ ಹೋಗಿದ್ದಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹತ್ತು ವರ್ಷ ಇಂಗ್ಲಿಷ್ ಕಲಿತ ಹುಡುಗಿ ತನ್ನ ಸ್ನೇಹಿತೆಯನ್ನು ತನ್ನ ಮನೆಗೆ ಕರೆಯಲಾರಳು ಅಂದರೆ ಪಾಸಾದದ್ದು ಯಾರು? ಕಾಗದ ಪಾಸಾಯಿತು, ಅಷ್ಟೇ.

ಅದಕ್ಕೇ ತರಗತಿಯಲ್ಲಿ ಕೇಳಿದೆ, ನಿಮ್ಮಲ್ಲಿ ಯಾರಾದರೂ ಯಾರನ್ನಾದರೂ ಕಾಗದ ಬರೆದು ಕರೆದಿದ್ದೀರಾ ಅಂತ. ನಗು ಎದ್ದಿತು. ಕೇಕ್ ಕತ್ತರಿಸಿದವರು ಕೆಲವರಿದ್ದರು, ಸುಳ್ಳೇಕೆ, ಕೆ.ಆರ್. ನಗರದ ಬೇಕರಿಯಿಂದ ತಂದದ್ದು. ಕಾಗದ ಬರೆದವರು ಒಬ್ಬರೂ ಇಲ್ಲ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಪಕ್ಕದಲ್ಲಿ ಕೂತಿದ್ದ ತನ್ನ ಸ್ನೇಹಿತೆಯನ್ನು ತೋರಿಸಿದಳು.

"ಇವ್ಳಿಗೆ ಕಾಗ್ದ ಕೊಟ್ಟು ಕರದ್ರೆ ಬರಕಿಲ್ಲ ಮಿಸ್. ನಾನೇನು ಹೊರಗ್ನೋಳಾ ಅಂತ ಮೂತಿ ತಿರುಗಿಸ್ಕತಾಳೆ."

ಅಲ್ಲಿಂದ ಆ ಪಿರಿಯಡ್ ಪೂರ್ತಿ ಅವರದೇ ಆಯಿತು. ಪತ್ರಿಕೆ ಕೊಟ್ಟು ಕುಂಕುಮ ಇಟ್ಟು ಕರೆಯುವುದು ನೆಂಟರನ್ನು. ಬರೀ ಫೋನಿನಲ್ಲಿ ಕರೆದರೆ ದೊಡ್ಡಪ್ಪ ದೊಡ್ಡಮ್ಮಂದಿರು ವರ್ಷಗಟ್ಟಲೆ ಅದನ್ನೇ ಆಡುತ್ತಾರೆ. ತೀರಾ ಹತ್ತಿರದವರನ್ನು ಮಾತ್ರ ಕರೆಯುವುದೇ ಇಲ್ಲ, ಬೈಯುತ್ತಾರೆ. ಹಿಂದಿನ ದಿನವೇ ಯಾಕೆ ಬರಲಿಲ್ಲ, ಈರುಳ್ಳಿ ಯಾರು ಹೆಚ್ಚುವವರು, ನೀನೇನು ಊಟದ ಹೊತ್ತಿಗೆ ಬಂದು ಎಲೆ ಮುಂದೆ ಕೂರುವವನಾ ಅಂತ. ಹೌದಲ್ಲ ಅನ್ನಿಸಿತು. ನಮ್ಮ ಮನೆಯಲ್ಲೂ ಹಾಗೇ. ಅತಿಥಿಯನ್ನು ಊಟಕ್ಕೆ ಕರೆಯುತ್ತಾರೆ, ನಮ್ಮವರನ್ನು ಕೆಲಸಕ್ಕೆ ಕರೆಯುತ್ತಾರೆ. ಹಾಗಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ ಅಂದೆ.

ಬರೆದರು. ಅರ್ಧಕ್ಕರ್ಧ ಬೆದರಿಕೆಗಳು. ನೀನು ಬರದಿದ್ದರೆ ನಿಮ್ಮಕ್ಕನ ಮದುವೆಗೆ ನಾನೂ ಬರುವುದಿಲ್ಲ, ನೋಡಿಕೋ ಅಂತ ಒಬ್ಬ. ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ್ದೇವೆ, ರಾತ್ರಿ ಕಾಯುವುದಕ್ಕೆ ಬಾ, ಜೋಳ ಸುಟ್ಟು ತಿನ್ನೋಣ ಅಂತ ಇನ್ನೊಬ್ಬ. ವಾಕ್ಯಗಳು ಕುಂಟುತ್ತಿದ್ದವು, ಆದರೆ ನಡೆಯುತ್ತಿದ್ದವು. ಗೈಡಿನ ವಾಕ್ಯಗಳಿಗೆ ಕಾಲೇ ಇರಲಿಲ್ಲ.

ಹಿರಿಯ ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಪರೀಕ್ಷೆ ಹತ್ತಿರ ಬಂದಾಗ ಹೊಸ ಪ್ರಯೋಗ ಬೇಡ ಅಂದರು. ನಾನು ಆಯಿತು ಅನ್ನಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಮೂರನೇ ಬೆಂಚಿನ ಹುಡುಗಿ ಗೈಡಿನ ಕಾಗದ ಬಿಟ್ಟು ತನ್ನ ಕಾಗದ ಬರೆದಳು. ಉತ್ತರಪತ್ರಿಕೆ ತಿದ್ದಿದವರು ಹಿರಿಯ ಮೇಷ್ಟ್ರು. ಐದಕ್ಕೆ ಸೊನ್ನೆ. ಆ ಸೊನ್ನೆಯಿಂದಾಗಿ ಇಂಗ್ಲಿಷಿನಲ್ಲಿ ಫೇಲು. ಕಿರುಪರೀಕ್ಷೆಯಲ್ಲಿ ಆಗಲೇ ಒಮ್ಮೆ ಫೇಲಾಗಿದ್ದಳು. ಇನ್ನೊಂದು ಸಲ ಆದರೆ ಕಾಲೇಜಿನ ಆಸೆ ಬಿಡು ಅಂತ ಅವಳ ಅಪ್ಪ ಹೇಳಿದ್ದು ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು. ಹೊಸ ದಾರಿ ತೋರಿಸಿದವಳು ನಾನು, ಬಿದ್ದವಳು ಅವಳು. ಸುಮ್ಮನಿರುವ ಪ್ರಶ್ನೆಯೇ ಇರಲಿಲ್ಲ.

ಪಕ್ಕದಲ್ಲಿ ಕೂರುವ ಆ ಸ್ನೇಹಿತೆಗೇ ಅವಳು ಬರೆದಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ಅಮಾವಾಸ್ಯೆಗೆ ನಮ್ಮನೆಯಲ್ಲಿ ಪಕ್ಷದ ಹಬ್ಬ. ತೀರಿಕೊಂಡ ನಮ್ಮ ತಾತನಿಗೆ ಎಡೆ ಇಡುತ್ತೇವೆ. ಹೊಸ ಪಂಚೆ, ಬೀಡಿ, ಮಟನ್ ಸಾರು, ವಡೆ ಇಡುತ್ತೇವೆ. ನೀನು ನಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ, ನನಗೆ ಗೊತ್ತು. ಆದರೂ ಬಾ. ಬಾಳೆಹಣ್ಣು, ಹಾಲು ಇಟ್ಟಿರುತ್ತೇನೆ. ಬೆಳಿಗ್ಗೆಯೇ ಬಾ, ಕೆಲಸ ಇದೆ. ತಾತ ನಿನ್ನನ್ನು ಕೇಳುತ್ತಿತ್ತು." ಪಿತೃಪಕ್ಷದಲ್ಲಿ ನಮ್ಮ ಕಡೆ ಒಕ್ಕಲು ಮನೆಗಳಲ್ಲಿ ಹಿರಿಯರಿಗೆ ಅವರಿಗಿಷ್ಟವಾದದ್ದನ್ನೆಲ್ಲ ಬಡಿಸಿ, ಆಮೇಲೆ ಕರೆದವರೆಲ್ಲ ಕೂತು ಉಣ್ಣುತ್ತಾರೆ. ಸ್ನೇಹಿತೆಯದು ಶೈವರ ಮನೆ, ಮಾಂಸ ಮುಟ್ಟದವರು. ಊಟ ಮಾಡುವುದಿಲ್ಲ ಎಂಬ ವಾಕ್ಯದ ಕೆಳಗೆ ಕೆಂಪು ಗೆರೆ ಎರಡು ಸಲ ಬಿದ್ದಿತ್ತು.

ಸ್ಟಾಫ್ ರೂಮಿನಲ್ಲಿ ಹೋಗಿ ಕೇಳಿದೆ. ಸಾವಿನ ವಿಷಯ, ಬೀಡಿ, ಮಾಂಸ, ಇದು ಆಹ್ವಾನ ಪತ್ರವೇ ಅಲ್ಲ ಅಂದರು. ನೀನು ಉಣ್ಣುವುದಿಲ್ಲ ಅಂತ ಬರೆದು ಊಟದ ಹಬ್ಬಕ್ಕೆ ಯಾರಾದರೂ ಕರೆಯುತ್ತಾರಾ, ಅದು ಮರ್ಯಾದೆಯಾ ಅಂದರು. ನಾನು ವಾದ ಮಾಡಲಿಲ್ಲ, ಕಾಗದವನ್ನು ಗಟ್ಟಿಯಾಗಿ ಓದಿದೆ. ಮುಗಿಸುವ ಮೊದಲೇ ಗಣಿತದ ಮೇಷ್ಟ್ರು ತಲೆ ಎತ್ತಿ, ಯಾವತ್ತು ಬಿದ್ದಿದೆ ಅಮಾಸೆ, ಯಾವೂರಮ್ಮ ಆ ಹುಡ್ಗಿದು ಅಂತ ಕೇಳಿದರು.

"ನೋಡಿ ಸರ್," ಅಂದೆ. "ನಿಮ್ಮ ಹುಟ್ಟುಹಬ್ಬದ ಕಾಗದ ಕೇಳಿ ಇಷ್ಟು ವರ್ಷದಲ್ಲಿ ಯಾರಾದರೂ ಯಾವತ್ತು, ಯಾವೂರು ಅಂತ ಕೇಳಿದ್ದಾರಾ?"

ಗಣಿತದ ಮೇಷ್ಟ್ರು ನಕ್ಕುಬಿಟ್ಟರು. ಹಿರಿಯ ಮೇಷ್ಟ್ರು ನಗಲಿಲ್ಲ. ಅವರೂ ಶೈವರೇ, ಆ ಸ್ನೇಹಿತೆಯ ಮನೆಯವರನ್ನು ಬಲ್ಲವರು. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು, "ನೋಡಮ್ಮ, ಚಪ್ಪಾಳೆ ಹೊಡೆಸ್ಕೊಳ್ಳೋ ಮಾತು ಬೇರೆ, ಬದುಕು ಬೇರೆ. ಆ ಮನೇಲಿ ಹೆಣ್ಣುಮಗೂನ ಪಕ್ಷದ ಹಬ್ಬಕ್ಕೆ ಕಳ್ಸಲ್ಲ. ಆ ಕಾಗದ ಓದಿ ಅವಳು ಹೋದ್ರೆ, ಆವಾಗ ಬನ್ನಿ, ಮಾತಾಡೋಣ."

ಆಯಿತು ಸರ್ ಅಂದೆ. ಈ ಸಲ ಅಂದೆ.

ಉತ್ತರಪತ್ರಿಕೆಗಳನ್ನು ದಸರಾ ರಜೆಗೆ ಮೊದಲೇ ಹಂಚಿದರು. ಮೂರನೇ ಬೆಂಚಿನಲ್ಲಿ ಸ್ನೇಹಿತೆ ಅವಳ ಕೈಯಿಂದ ಪತ್ರಿಕೆ ಕಿತ್ತುಕೊಂಡು ಆ ಪುಟ ಓದಿದಳು. ಸೊನ್ನೆಯನ್ನೂ ನೋಡಿದಳು. ಬೆಳಿಗ್ಗೆ ಅಂದ್ರೆ ಎಷ್ಟೊತ್ತಿಗೆ ಬರ್ಲೇ ಅಂತ ಮೆಲ್ಲಗೆ ಕೇಳಿದಳು. ಆಮೇಲೆ ಆ ಪತ್ರಿಕೆಯನ್ನು ನಾಳೆ ಕೊಡ್ತೀನಿ ಅಂತ ತನ್ನ ಬ್ಯಾಗಿಗೇ ಹಾಕಿಕೊಂಡಳು.

ಅಮಾವಾಸ್ಯೆಯ ದಿನ ನಾನೂ ಹೋದೆ. ಹುಡುಗಿ ನನ್ನನ್ನು ಬಾಯಲ್ಲೇ ಕರೆದಿದ್ದಳು, ನೀವು ಬರ್ಲಿಲ್ಲ ಅಂದ್ರೆ ನಿಮ್ ಕ್ಲಾಸಲ್ಲಿ ಬಾಯೇ ಬಿಡಕಿಲ್ಲ ಮಿಸ್ ಅಂತ. ಗದ್ದೆಗಳ ನಡುವಿನ ಊರು, ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಮನೆಯ ಹಿಂದೆ ಒಲೆ ಹೂಡಿದ್ದರು. ಮಸಾಲೆ ರುಬ್ಬುವವರು, ವಡೆ ತಟ್ಟುವವರು, ಒಬ್ಬರಿಗೊಬ್ಬರು ಬೈದುಕೊಳ್ಳುವವರು, ಎಲ್ಲ ಇದ್ದರು. ಸ್ನೇಹಿತೆ ಮಾತ್ರ ಇರಲಿಲ್ಲ. ಹುಡುಗಿ ಬಾಳೆಹಣ್ಣನ್ನು ಬೇರೆ ತಟ್ಟೆಯಲ್ಲಿಟ್ಟು, ಹಾಲಿನ ಲೋಟಕ್ಕೆ ಮುಚ್ಚಳ ಹಾಕಿ, ಜಗಲಿಗೂ ಒಳಗೂ ಓಡಾಡುತ್ತಿದ್ದಳು. ಬಿಸಿಲೇರಿತು. ಅವಳ ಅವ್ವ, ಬುಡು ಮಗ, ಅವ್ರ ಮನೇಲಿ ಕಳ್ಸಿರಕಿಲ್ಲ ಅಂದರು. ಅವಳು ಕೇಳಿಸದವಳ ಹಾಗೆ ಈರುಳ್ಳಿಯ ಮೊರ ಎಳೆದುಕೊಂಡು ಕೂತಳು. ನಾನೂ ಜಗಲಿಗೆ ಬಂದು ದಾರಿ ನೋಡಿದೆ. ಹಿರಿಯ ಮೇಷ್ಟ್ರ ಕನ್ನಡಕ ಕಣ್ಣೆದುರು ಬಂತು.

ಸ್ನೇಹಿತೆ ಸೈಕಲ್ಲಿನಲ್ಲಿ ಬಂದಳು. ಹ್ಯಾಂಡಲಿಗೆ ಒಂದು ಚೀಲ ನೇತಾಡುತ್ತಿತ್ತು. ಅದರಲ್ಲಿ ತೆಂಗಿನಕಾಯಿ, ಒಂದು ಮಾರು ಹೂವು.

"ತಾತನ ಎಡೆಗೆ ಇಡು ಅಂತ ಅವ್ವ ಕೊಡ್ತು."

"ಈಗ್ಲಾ ಬರದು ಕಣೇ? ಅರ್ಧ ಈರುಳ್ಳಿ ಮುಗೀತು," ಅಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಹೆಚ್ಚುವವಳನ್ನು ಅದರ ಕಾರಣ ಯಾರೂ ಕೇಳುವುದಿಲ್ಲ.

ಸ್ನೇಹಿತೆ ಪಕ್ಕದಲ್ಲಿ ಕೂತು ಉಳಿದ ಅರ್ಧ ಹೆಚ್ಚಿದಳು. ಮನೆಯಲ್ಲಿ ಹೇಗೆ ಒಪ್ಪಿದರು ಅಂತ ನಾನೇ ಕೇಳಿದೆ. ಅವಳು ಆ ಉತ್ತರಪತ್ರಿಕೆಯನ್ನು ಮನೆಗೆ ಒಯ್ದು ಅವ್ವನಿಗೆ ಒಂದೊಂದೇ ವಾಕ್ಯವನ್ನು ಕನ್ನಡ ಮಾಡಿ ಓದಿದ್ದಳಂತೆ. ಮೊದಲು ಬೇಡವೆಂದಿದ್ದ ಅವ್ವ, ನೀನು ಊಟ ಮಾಡುವುದಿಲ್ಲ ನನಗೆ ಗೊತ್ತು ಎಂಬಲ್ಲಿಗೆ ಬಂದಾಗ ಇನ್ನೊಂದು ಸಲ ಓದು ಅಂದರಂತೆ.

"ನಮ್ಮವ್ವಂಗೆ ಅದೇ ಚಿಂತೆ ಮಿಸ್. ಎಲೆ ಮುಂದೆ ಕೂರ್ಸಿ ಬಲವಂತ ಮಾಡಿದ್ರೆ ಬೇಡ ಅಂದು ಬರ್ಬೇಕಲ್ಲ, ಅವ್ರಿಗೂ ಬೇಜಾರು, ನಮಗೂ ಬೇಜಾರು. ಅವ್ಳೇ ಮೊದ್ಲೇ ಹೇಳ್ಬುಟ್ಟವ್ಳೆ, ಇನ್ನೇನು, ಹೋಗ್ಬಾ ಅಂತು."

ಎರಡು ಸಲ ಕೆಂಪು ಗೆರೆ ಬಿದ್ದ ವಾಕ್ಯವೇ ಅವಳನ್ನು ಕರೆದುಕೊಂಡು ಬಂದಿತ್ತು. ಮರ್ಯಾದೆ ಇಲ್ಲದ ವಾಕ್ಯ ಅಂದಿದ್ದರಲ್ಲ, ಆ ಕಾಗದದಲ್ಲಿ ಬರುವವಳ ಮರ್ಯಾದೆ ಕಾಯ್ದದ್ದು ಅದೊಂದೇ.

ರಜೆ ಮುಗಿದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದೆ. ಕಾಯಿ ಕೊಟ್ಟದ್ದು ಯಾರು ಅಂತ ಹಿರಿಯ ಮೇಷ್ಟ್ರು ಇನ್ನೊಮ್ಮೆ ಕೇಳಿದರು, ಅವಳ ತಾಯಿಯೇ ಅಂದೆ. ಹುಡುಗಿಯಿಂದ ಪತ್ರಿಕೆ ತರಿಸಿ, ಸೊನ್ನೆ ಹೊಡೆದುಹಾಕಿ ಎರಡು ಅಂಕ ಬರೆದು ಪಕ್ಕದಲ್ಲಿ ಸಹಿ ಮಾಡಿದರು. ಪಾಸಾಗಲು ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ಉಳಿದ ಮೂರು ಯಾಕೆ ಇಲ್ಲ ಸರ್ ಅಂದೆ. ಮೇಲೆ ವಿಳಾಸ ಇಲ್ಲ, ದಿನಾಂಕ ಇಲ್ಲ, ಕೆಳಗೆ ಇಂತಿ ನಿನ್ನ ಪ್ರೀತಿಯ ಇಲ್ಲ ಅಂದರು. ಆಮೇಲೆ ಅವರ ಅತ್ಯಂತ ಬಲವಾದ ಮಾತು ಹೇಳಿದರು. ಬೋರ್ಡ್ ಪರೀಕ್ಷೆಯ ಪತ್ರಿಕೆ ಯಾವ ಜಿಲ್ಲೆಯಲ್ಲಿ ಯಾರ ಕೈಗೆ ಬೀಳುತ್ತದೋ ಗೊತ್ತಿಲ್ಲ, ಅವರ ಮನೆ ಬಾಗಿಲಿಗೆ ಹೋಗಿ ನೀವು ಹೀಗೆ ವಾದ ಮಾಡುತ್ತೀರಾ?

ಮಾಡಲಾರೆ. ಅದನ್ನು ಒಪ್ಪಿಕೊಂಡೆ. ಅಷ್ಟನ್ನೇ ಒಪ್ಪಿಕೊಂಡೆ. ತಿದ್ದುವವರಿಗೆ ಅರ್ಥವಾಗಲಿಕ್ಕಿಲ್ಲ ಎಂಬ ಹೆದರಿಕೆಗೆ ಇಡೀ ತಾಲ್ಲೂಕಿನ ಮಕ್ಕಳು ವರ್ಷವರ್ಷವೂ ಇಲ್ಲದ ಕೇಕಿಗೆ ಇಲ್ಲದ ಸ್ನೇಹಿತರನ್ನು ಕರೆಯುತ್ತಾ ಕೂರಬೇಕು ಎಂಬುದನ್ನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ.

ಆದರೆ ಆ ಮಾತನ್ನು ಹುಡುಗಿಯಿಂದ ಮುಚ್ಚಿಡುವ ಹಾಗಿರಲಿಲ್ಲ, ಪರೀಕ್ಷೆ ಬರೆಯುವವಳು ಅವಳು. ಮಧ್ಯಾಹ್ನ ಬಿಸಿಯೂಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ಹೇಳಿದೆ: ಗೈಡಿನ ಕಾಗದ ಬರೆದರೆ ಮೇಷ್ಟ್ರು ಹೇಳುವ ಹಾಗೆ ಅಂಕ ಗ್ಯಾರಂಟಿ, ನಿನ್ನ ಕಾಗದಕ್ಕೆ ನಾನು ಗ್ಯಾರಂಟಿ ಕೊಡಲಾರೆ, ಯೋಚನೆ ಮಾಡು. ಅವಳು ತಟ್ಟೆಯ ನೀರು ಕೊಡವಿದಳು. ನಲ್ಲಿಯ ಆ ಕಡೆ ಸ್ನೇಹಿತೆಯೂ ನಿಂತಿದ್ದಳು.

"ಅಡ್ರೆಸ್ ಬರೀತೀನಿ ಮಿಸ್. ಡೇಟೂ ಹಾಕ್ತೀನಿ. ಕೆಳಗೆ ಅದೇನು ಪ್ರೀತಿ ಅಂತ ಬರೀಬೇಕೋ ಅದ್ನೂ ಬರೀತೀನಿ," ಅಂದಳು. "ಕೇಕ್ ಮಾತ್ರ ಕುಯ್ಯಲ್ಲ."